ಲೈನ್ ಇಲ್ಲದ ತೋಟದ ಮನೆ: ಸೋಲಾರ್ ಮತ್ತು ಜನರೇಟರ್‌ನಿಂದ ಬ್ಯಾಟರಿಯನ್ನು ದಿನಾ ಪೂರ್ತಿ ತುಂಬಿಸುವುದು ಹೇಗೆ

ತೋಟದ ಮನೆಗೆ ಸೋಲಾರ್ ಹಾಕಿಸಿದವರು ಎರಡನೇ ವರ್ಷಕ್ಕೆ ಹೇಳುವ ಮಾತು ಹೆಚ್ಚುಕಮ್ಮಿ ಒಂದೇ. "ಬ್ಯಾಕಪ್ ಬರ್ತಿಲ್ಲ, ರಾತ್ರಿ ಹತ್ತಕ್ಕೇ ಇನ್ವರ್ಟರ್ ಕೂಗ್ಕೊಳ್ಳುತ್ತೆ." ಅಂಗಡಿಗೆ ಹೋದರೆ ಬ್ಯಾಟರಿ ಹೋಗಿದೆ, ಹೊಸದು ತಗೊಳ್ಳಿ ಅನ್ನುತ್ತಾರೆ. ಪಾವಗಡ, ಶಿರಾ, ಮಧುಗಿರಿ ಕಡೆ ಇಂಥ ಮನೆಗಳನ್ನು ನೋಡಿದ್ದೇನೆ. ಬಹಳಷ್ಟು ಕಡೆ ಬ್ಯಾಟರಿ ಹಾಳಾಗುವುದು ಜಾಸ್ತಿ ಬಳಸಿದ್ದಕ್ಕಲ್ಲ. ಅದು ವಾರಗಟ್ಟಲೆ ಪೂರ್ತಿ ತುಂಬದೆ ಕೂತಿರುತ್ತದೆ, ಅದಕ್ಕೆ ಹಾಳಾಗುತ್ತದೆ. ಇದನ್ನು ತಡೆಯಬಹುದು. ಅದಕ್ಕೆ ಪ್ಯಾನೆಲ್ಲೂ ಬೇಕು, ಒಂದು ಸಣ್ಣ ಜನರೇಟರೂ ಬೇಕು. ಮುಖ್ಯವಾಗಿ ಯಾವುದನ್ನು ಯಾವ ಹೊತ್ತಿಗೆ ಓಡಿಸಬೇಕು ಅನ್ನುವುದು ಗೊತ್ತಿರಬೇಕು.

ನಮ್ಮ ಕಡೆ ಹೆಚ್ಚಾಗಿ ಇರುವುದು ಟ್ಯೂಬುಲರ್ ಬ್ಯಾಟರಿ, ಅಂದರೆ ಸೀಸ ಮತ್ತು ಆಸಿಡ್ ಇರುವ ನೀರಿನ ಬ್ಯಾಟರಿ. ಬ್ಯಾಟರಿಯಿಂದ ಕರೆಂಟ್ ಬಳಸಿದಾಗ ಅದರ ಪ್ಲೇಟ್ ಮೇಲೆ ಸಲ್ಫೇಟ್ ಕೂರುತ್ತದೆ. ತಡಮಾಡದೆ ಮತ್ತೆ ಚಾರ್ಜ್ ಮಾಡಿದರೆ ಅದು ಕರಗಿ ಮತ್ತೆ ಆಸಿಡ್‌ಗೆ ಸೇರುತ್ತದೆ. ಅರ್ಧ ಚಾರ್ಜಲ್ಲೇ ದಿನಗಟ್ಟಲೆ ಬಿಟ್ಟರೆ ಗಟ್ಟಿಯಾಗುತ್ತದೆ, ಆಮೇಲೆ ಕರಗುವುದಿಲ್ಲ. ಅಷ್ಟು ಜಾಗ ಕೆಲಸಕ್ಕೆ ಬಾರದ ಹಾಗಾಯಿತು. 150 ಎಎಚ್ (ಆಂಪಿಯರ್ ಅವರ್, ಬ್ಯಾಟರಿ ಎಷ್ಟು ಹಿಡಿಯುತ್ತದೆ ಅನ್ನುವ ಅಳತೆ) ಬ್ಯಾಟರಿ ಒಳಗೊಳಗೇ 80 ಎಎಚ್ ಆಗುವುದು ಹೀಗೆ.

ಇನ್ನೊಂದು ವಿಷಯ ತಿಳಿದಿರಬೇಕು, ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ. ಬ್ಯಾಟರಿ ಒಂದೇ ವೇಗದಲ್ಲಿ ತುಂಬುವುದಿಲ್ಲ. ಗೋಣಿಚೀಲಕ್ಕೆ ರಾಗಿ ತುಂಬಿದ ಹಾಗೆ, ಮೊದಲು ಮೊರದಲ್ಲಿ ಸುರಿದರೂ ಹಿಡಿಯುತ್ತದೆ, ಕೊನೆಗೆ ಕುಲುಕಿ ಕುಲುಕಿ ಬೊಗಸೆ ಬೊಗಸೆಯಾಗಿ ಹಾಕಬೇಕು. ಸುಮಾರು 80 ಪರ್ಸೆಂಟ್‌ವರೆಗೆ ಬ್ಯಾಟರಿ ಕೊಟ್ಟಷ್ಟು ಕರೆಂಟ್ ಎಳೆದುಕೊಳ್ಳುತ್ತದೆ. ಆಮೇಲೆ 12 ವೋಲ್ಟ್ ಬ್ಯಾಟರಿಯ ವೋಲ್ಟೇಜ್ 14.4ಕ್ಕೆ ಮುಟ್ಟಿ ಅಲ್ಲೇ ನಿಂತು, ಒಳಗೆ ಹೋಗುವ ಕರೆಂಟ್ ಇಳಿಯುತ್ತಾ ಬರುತ್ತದೆ. ಆ ಕೊನೆಯ 20 ಪರ್ಸೆಂಟ್‌ಗೆ ಮೂರು ನಾಲ್ಕು ಗಂಟೆ ಬೇಕೇ ಬೇಕು, ಎಷ್ಟು ದೊಡ್ಡ ಚಾರ್ಜರ್ ಹಾಕಿದರೂ ಅಷ್ಟೇ.

ಹಾಗಾಗಿ ಸಾಯಂಕಾಲ ಜನರೇಟರ್ ಹಚ್ಚಿ ಫುಲ್ ಆಗುವ ತನಕ ಓಡಿಸುವುದು ದಂಡ. ಕೊನೆಯ ಆ ಮೂರು ಗಂಟೆ ಎರಡು ಮೂರು ಆಂಪಿಯರ್‌ಗೋಸ್ಕರ ಪೆಟ್ರೋಲ್ ಸುಡುತ್ತಿರುತ್ತೀರಿ. ಜನರೇಟರ್ ಬೆಳಿಗ್ಗೆ ಓಡಬೇಕು. ಆಗ ಬ್ಯಾಟರಿ ತಳ ಕಂಡಿರುತ್ತದೆ, ಕೊಟ್ಟದ್ದನ್ನೆಲ್ಲ ತಗೊಳ್ಳುತ್ತದೆ. ಒಂದೂವರೆ ಎರಡು ಗಂಟೆ ಓಡಿಸಿ ನಿಲ್ಲಿಸಿ. ಅಲ್ಲಿಂದ ಮುಂದೆ ನಿಧಾನವಾಗಿ ತುಂಬುವ ಭಾಗವನ್ನು ಪ್ಯಾನೆಲ್‌ಗೆ ಬಿಡಿ. ಬಿಸಿಲಿಗೆ ದುಡ್ಡಿಲ್ಲ, ಅದು ನಾಲ್ಕು ಗಂಟೆ ತಗೊಂಡರೂ ನಷ್ಟ ಇಲ್ಲ ಅಲ್ವಾ?

ಮೊದಲು ಲೆಕ್ಕ

ಪ್ಯಾನೆಲ್ ತಗೊಳ್ಳುವ ಮೊದಲು ಒಂದು ಹಾಳೆಯಲ್ಲಿ ಮನೆಯ ಖರ್ಚು ಬರೆಯಿರಿ. 9 ವ್ಯಾಟ್‌ನ ನಾಲ್ಕು ಎಲ್‌ಇಡಿ ಬಲ್ಬ್ ಐದು ಗಂಟೆ ಉರಿದರೆ 180 ವ್ಯಾಟ್ ಅವರ್. 30 ವ್ಯಾಟ್‌ನ ಎರಡು ಬಿಎಲ್‌ಡಿಸಿ ಫ್ಯಾನ್ (ಕಮ್ಮಿ ಕರೆಂಟ್ ತಿನ್ನುವ ಹೊಸ ಬಗೆಯದು) ಎಂಟು ಗಂಟೆಗೆ 480. ಹಳೇ ಫ್ಯಾನ್ ಇದ್ದರೆ ಒಂದೊಂದೂ 75 ವ್ಯಾಟ್ ತಿನ್ನುತ್ತದೆ, ಅದೇ ಲೆಕ್ಕ 1200 ಆಗುತ್ತದೆ. ಇನ್ನೊಂದು ಬ್ಯಾಟರಿ ತಗೊಳ್ಳುವುದಕ್ಕಿಂತ ಫ್ಯಾನ್ ಬದಲಾಯಿಸುವುದು ಅಗ್ಗ. ಟಿವಿ ಮೂರು ಗಂಟೆಗೆ 150. ಮೊಬೈಲ್, ರೂಟರ್ ಸೇರಿ 100. ಮಿಕ್ಸಿ ಹತ್ತು ನಿಮಿಷಕ್ಕೆ 100 ಒಳಗೆ. ತೋಟಕ್ಕೆ ಸಿಮ್ ಹಾಕುವ ಕ್ಯಾಮೆರಾ ಇಟ್ಟಿದ್ದರೆ 10 ವ್ಯಾಟ್ ಅಂತ ಹಿಡಿದರೂ ಇಡೀ ದಿನಕ್ಕೆ 240.

ಎಲ್ಲರೂ ಮರೆಯುವುದು ಇನ್ವರ್ಟರ್‌ನ ಸ್ವಂತ ಖರ್ಚು. ಸುಮ್ನೆ ಆನ್ ಇದ್ದರೂ ಅದು 10ರಿಂದ 20 ವ್ಯಾಟ್ ತಿನ್ನುತ್ತದೆ. 15 ಅಂತ ಇಟ್ಟುಕೊಳ್ಳಿ, 24 ಗಂಟೆಗೆ 360. ಮನೆಯ ಎಲ್ಲ ಬಲ್ಬಿಗಿಂತ ಜಾಸ್ತಿ! ಹಗಲು ಯಾರೂ ಇಲ್ಲದಾಗ, ಕ್ಯಾಮೆರಾ ಬ್ಯಾಟರಿಯಿಂದ ನೇರ ಬರುವ ಬೇರೆ ಡಿಸಿ ಲೈನಲ್ಲಿದ್ದರೆ, ಇನ್ವರ್ಟರ್ ಆಫ್ ಮಾಡುವುದನ್ನು ಅಭ್ಯಾಸ ಮಾಡಿಕೊಳ್ಳಿ.

ಎಲ್ಲ ಸೇರಿ ಸುಮಾರು 1600 ವ್ಯಾಟ್ ಅವರ್, ಅಂದರೆ 1.6 ಯೂನಿಟ್ ಆಯಿತು. 150 ಎಎಚ್‌ನ ಎರಡು 12 ವೋಲ್ಟ್ ಬ್ಯಾಟರಿಯನ್ನು ಸೀರೀಸ್‌ನಲ್ಲಿ (ಒಂದರ ಪ್ಲಸ್ ಇನ್ನೊಂದರ ಮೈನಸ್‌ಗೆ) ಹಾಕಿ 24 ವೋಲ್ಟ್ ಮಾಡಿದರೆ 3.6 ಯೂನಿಟ್ ಹಿಡಿಯುತ್ತದೆ. ಅದರಲ್ಲಿ ಅರ್ಧ ಮಾತ್ರ ನಿಮ್ಮದು ಅಂತ ತಿಳಿಯಿರಿ. ಅರ್ಧಕ್ಕಿಂತ ಕೆಳಗೆ ದಿನಾ ಇಳಿಸಿದರೆ ಆಯಸ್ಸು ಕಮ್ಮಿಯಾಗುತ್ತದೆ. 1.8 ಯೂನಿಟ್ ಸಿಗುತ್ತದೆ, ಒಂದು ದಿನಕ್ಕೆ ಸಾಕು. ಸಿ10 ಅಂತ ಬರೆದಿರುವ ಸೋಲಾರ್ ಬ್ಯಾಟರಿಯನ್ನೇ ಕೇಳಿ. 150 ಎಎಚ್ ಸಿ10 ಅಂದರೆ 15 ಆಂಪಿಯರ್‌ನಂತೆ ಹತ್ತು ಗಂಟೆ ಕೊಡುತ್ತದೆ. ಸಿ20 ಅಂತಿದ್ದರೆ ಅದೇ 150 ಅನ್ನುವುದು ಇಪ್ಪತ್ತು ಗಂಟೆಯ ನಿಧಾನ ಬಳಕೆಯ ಲೆಕ್ಕ, ಜೋರಾಗಿ ಬಳಸಿದರೆ ಅಷ್ಟು ಬರುವುದಿಲ್ಲ.

ಪ್ಯಾನೆಲ್ ಲೆಕ್ಕಕ್ಕೆ ದಿನಕ್ಕೆ ನಾಲ್ಕು ಗಂಟೆ ಪೂರ್ತಿ ಬಿಸಿಲು ಅಂತ ಹಿಡಿಯಿರಿ. ಬೇಸಿಗೆಯಲ್ಲಿ ಜಾಸ್ತಿ ಬರುತ್ತದೆ, ಆದರೆ ಬೇಸಿಗೆ ನೋಡಿ ಲೆಕ್ಕ ಹಾಕಿದವರು ಆಷಾಢದಲ್ಲಿ ಕತ್ತಲಲ್ಲಿ ಕೂರುತ್ತಾರೆ. ಶಾಖ, ಧೂಳು, ವೈರ್, ಬ್ಯಾಟರಿಯ ಸೋರಿಕೆ ಎಲ್ಲ ಕಳೆದು ನೂರಕ್ಕೆ ಎಪ್ಪತ್ತು ಕೈಗೆ ಸಿಗುತ್ತದೆ. 1600 ಅನ್ನು ಮೊದಲು 4ರಿಂದ, ಆಮೇಲೆ 0.7ರಿಂದ ಭಾಗಿಸಿದರೆ 570 ವ್ಯಾಟ್ ಬರುತ್ತದೆ. 330 ವ್ಯಾಟ್‌ನ ಎರಡು ಪ್ಯಾನೆಲ್ ಹಾಕಿದರೆ ಸರಿಹೋಗುತ್ತದೆ.

ನೆರಳೇ ದೊಡ್ಡ ಶತ್ರು

ಬಿಸಿಲಿಗೇನೂ ನಮ್ಮಲ್ಲಿ ಬರ ಇಲ್ಲ. ಪಾವಗಡದ ತಿರುಮಣಿ, ವಳ್ಳೂರು ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಬಂದಿದ್ದು ಅಲ್ಲಿನ ಬಯಲು ಮತ್ತು ಬಿಸಿಲು ನೋಡಿಯೇ. ತೊಂದರೆ ಇರುವುದು ತಿಪಟೂರು, ತುರುವೇಕೆರೆ, ಗುಬ್ಬಿ ಕಡೆಯ ತೆಂಗು ಅಡಿಕೆ ತೋಟದವರಿಗೆ. ಮನೆ ತಂಪಾಗಿರುತ್ತದೆ, ಮಾಡಿನ ಮೇಲೆ ಪ್ಯಾನೆಲ್ ಇಟ್ಟರೆ ಮಾತ್ರ ಕೆಲಸ ಮಾಡುವುದಿಲ್ಲ.

ಒಂದು ತೆಂಗಿನ ಗರಿಯ ನೆರಳು ಸಣ್ಣದು ಅನಿಸುತ್ತದೆ. ಆದರೆ ಪ್ಯಾನೆಲ್ ಒಳಗೆ ಸೆಲ್‌ಗಳು ಒಂದರ ಹಿಂದೆ ಒಂದು ಸೀರೀಸ್‌ನಲ್ಲಿವೆ. ಸಾಮಾನ್ಯವಾಗಿ ಮೂರು ಗುಂಪು, ಗುಂಪಿಗೊಂದು ಬೈಪಾಸ್ ಡಯೋಡ್, ಅಂದರೆ ಆ ಗುಂಪು ಕೂತರೆ ಕರೆಂಟ್‌ಗೆ ಪಕ್ಕದ ದಾರಿ ಕೊಡುವ ಸಾಮಾನು. ಒಂದು ಸೆಲ್‌ಗೆ ಗಟ್ಟಿ ನೆರಳು ಬಿದ್ದರೂ ಆ ಗುಂಪು ಪೂರ್ತಿ ಕೂರುತ್ತದೆ, ಅಂದರೆ ಪ್ಯಾನೆಲ್‌ನ ಮೂರನೇ ಒಂದು ಭಾಗ ಹೋಯಿತು. ಮೂರು ಗರಿ ಮೂರು ಗುಂಪಿನ ಮೇಲೆ ಬಿದ್ದರೆ ಕೇಳುವುದೇ ಬೇಡ. ಮೇಲಿಂದ ಕಾಯಿ ಬಿದ್ದರೆ ಗಾಜೂ ಹೋಗುತ್ತದೆ. ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಮೂರೂವರೆಯವರೆಗೆ ನೆರಳು ಬೀಳದ ಜಾಗ ಹುಡುಕಿ. ಅದು ಮನೆಯಿಂದ ದೂರ ಕಣದ ಹತ್ತಿರ ಇದ್ದರೂ ಪರವಾಗಿಲ್ಲ. ಡಿಸೆಂಬರ್‌ನಲ್ಲಿ ಒಮ್ಮೆ ನೋಡಿ, ಆಗ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ನೆರಳು ಉದ್ದ. ಜೂನ್‌ನಲ್ಲಿ ಚೆನ್ನಾಗಿ ಕಂಡ ಜಾಗ ಆಗ ನೆರಳಲ್ಲಿರಬಹುದು.

ಮುಖ ದಕ್ಷಿಣಕ್ಕೆ, ಇಳಿಜಾರು 13ರಿಂದ 15 ಡಿಗ್ರಿ. ನಮ್ಮ ಅಕ್ಷಾಂಶವೂ ಅಷ್ಟೇ. ಕಬ್ಬಿಣದ ಸ್ಟ್ಯಾಂಡ್‌ನ ಕಾಲನ್ನು ಕಾಂಕ್ರೀಟ್‌ನಲ್ಲಿ ಹೂಳಿ. ಆಷಾಢದ ಗಾಳಿ ಬಯಲಿನಲ್ಲಿ ಹೇಗೆ ಬೀಸುತ್ತದೆ ಅಂತ ನಿಮಗೇ ಗೊತ್ತು. ಕಲ್ಲು ಹೇರಿ ಇಟ್ಟ ಪ್ಯಾನೆಲ್ ಗಾಳಿಗೆ ನಿಲ್ಲುವುದಿಲ್ಲ.

ಧೂಳು ಒರೆಸುವ ಬಗ್ಗೆ ಒಂದು ಮಾತು. ಕಡಲೆಕಾಯಿ ಬಿಡಿಸುವಾಗ, ರಾಗಿ ಒಕ್ಕಣೆ ನಡೆಯುವಾಗ ವಾರಕ್ಕೊಮ್ಮೆಯಾದರೂ ತೊಳೆಯಿರಿ. ಬೆಳಿಗ್ಗೆ ಬಿಸಿಲೇರುವ ಮೊದಲು ತೊಳೆಯಿರಿ, ಕಾದ ಗಾಜಿಗೆ ತಣ್ಣೀರು ಹಾಕಬೇಡಿ. ಬೋರ್‌ವೆಲ್ ನೀರು ಗಡಸಾಗಿದ್ದರೆ ಒಣಗಿದ ಮೇಲೆ ಬಿಳಿ ಕಲೆ ಕಟ್ಟುತ್ತದೆ, ಆಮೇಲೆ ಉಜ್ಜಿದರೂ ಹೋಗುವುದಿಲ್ಲ. ತೊಳೆದ ಕೂಡಲೇ ಮೆತ್ತನೆ ಬಟ್ಟೆಯಲ್ಲಿ ಒರೆಸಿ. ಮಳೆನೀರು ಹಿಡಿದಿಟ್ಟಿದ್ದರೆ ಅದೇ ಒಳ್ಳೆಯದು.

ಕಂಟ್ರೋಲರ್, ವೈರ್

ಪ್ಯಾನೆಲ್‌ಗೂ ಬ್ಯಾಟರಿಗೂ ನಡುವೆ ಕೂತು ಚಾರ್ಜ್ ನೋಡಿಕೊಳ್ಳುವ ಡಬ್ಬವೇ ಕಂಟ್ರೋಲರ್. ಅದರಲ್ಲಿ ಎರಡು ಜಾತಿ, ಪಿಡಬ್ಲ್ಯೂಎಂ ಮತ್ತು ಎಂಪಿಪಿಟಿ. ಅಗ್ಗ ಅಂತ ಪಿಡಬ್ಲ್ಯೂಎಂ ಕಂಟ್ರೋಲರ್ ತಗೊಂಡು ದೊಡ್ಡ ಪ್ಯಾನೆಲ್ ಹಾಕಿದರೆ ದುಡ್ಡು ವ್ಯರ್ಥ. 330 ವ್ಯಾಟ್ ಪ್ಯಾನೆಲ್ ಸುಮಾರು 37 ವೋಲ್ಟ್‌ನಲ್ಲಿ ಕೆಲಸ ಮಾಡುತ್ತದೆ. ಪಿಡಬ್ಲ್ಯೂಎಂ ಅದನ್ನು ಬ್ಯಾಟರಿ ವೋಲ್ಟೇಜ್‌ಗೆ ಎಳೆದುಬಿಡುತ್ತದೆ, 12 ವೋಲ್ಟ್ ಬ್ಯಾಟರಿಯಾದರೆ ಅರ್ಧಕ್ಕಿಂತ ಜಾಸ್ತಿ ಹೋಯಿತು. ಎಂಪಿಪಿಟಿ ಕಂಟ್ರೋಲರ್ ಜಾಸ್ತಿ ವೋಲ್ಟೇಜ್ ತಗೊಂಡು ಅದನ್ನು ಜಾಸ್ತಿ ಆಂಪಿಯರ್ ಮಾಡಿ ಬ್ಯಾಟರಿಗೆ ಕೊಡುತ್ತದೆ. ಎರಡು ಪ್ಯಾನೆಲ್ ಸೀರೀಸ್ ಮಾಡಿದರೆ ಲೋಡ್ ಇಲ್ಲದಾಗ 90 ವೋಲ್ಟ್ ದಾಟುತ್ತದೆ, ಧನುರ್ಮಾಸದ ಚಳಿ ಬೆಳಿಗ್ಗೆ ಇನ್ನೂ ಏರುತ್ತದೆ. ಪ್ಯಾನೆಲ್ ತಣ್ಣಗಿದ್ದಷ್ಟೂ ವೋಲ್ಟೇಜ್ ಜಾಸ್ತಿ. ಹಾಗಾಗಿ 100 ವೋಲ್ಟ್‌ನ ಕಂಟ್ರೋಲರ್ ಬೇಡ, 150 ವೋಲ್ಟ್‌ನದು ತಗೊಳ್ಳಿ.

ದೂರದಲ್ಲಿ ಪ್ಯಾನೆಲ್ ಇಟ್ಟವರಿಗೆ ಸೀರೀಸ್ ಯಾಕೆ ಬೇಕು ಅಂದರೆ, 15 ಮೀಟರ್ ದೂರಕ್ಕೆ 4 ಸ್ಕ್ವೇರ್ ಎಂಎಂ ಕೇಬಲ್ ಎಳೆದು ಎರಡನ್ನೂ ಸೀರೀಸ್ ಮಾಡಿದರೆ ದಾರಿಯಲ್ಲಿ ಒಂದೂಕಾಲು ವೋಲ್ಟ್‌ನಷ್ಟು ಹೋಗುತ್ತದೆ, ಕೆಲಸ ಮಾಡುವಾಗಿನ 75 ವೋಲ್ಟ್‌ನಲ್ಲಿ ಅದು ಲೆಕ್ಕಕ್ಕಿಲ್ಲ. ಅಷ್ಟೇ ವ್ಯಾಟ್‌ನ 12 ವೋಲ್ಟ್ ಸಣ್ಣ ಪ್ಯಾನೆಲ್‌ಗಳನ್ನು ಪ್ಯಾರಲಲ್ (ಪ್ಲಸ್ಸೆಲ್ಲ ಒಂದು ಕಡೆ, ಮೈನಸ್ಸೆಲ್ಲ ಒಂದು ಕಡೆ) ಮಾಡಿ ಅದೇ ಕೇಬಲ್‌ನಲ್ಲಿ ತಂದರೆ ಕರೆಂಟ್ ನಾಲ್ಕು ಪಟ್ಟಾಗಿ ಹೆಚ್ಚುಕಮ್ಮಿ ಮೂರನೇ ಒಂದು ಭಾಗ ಕೇಬಲ್ ಬಿಸಿ ಮಾಡುವುದರಲ್ಲೇ ಹೋಗುತ್ತದೆ.

ಕಂಟ್ರೋಲರ್‌ಗೆ ಮೊದಲು ಬ್ಯಾಟರಿ ಕೊಡಿ, ಆಮೇಲೆ ಪ್ಯಾನೆಲ್. ಬಿಚ್ಚುವಾಗ ಮೊದಲು ಪ್ಯಾನೆಲ್. ಬ್ಯಾಟರಿಯ ಪ್ಲಸ್ ಹತ್ತಿರವೇ ಒಂದು ಡಿಸಿ ಫ್ಯೂಸ್ ಇರಲೇಬೇಕು. ಮನೆಯ ಎಸಿ ಎಂಸಿಬಿ (ಟ್ರಿಪ್ ಆಗುವ ಸ್ವಿಚ್) ಡಿಸಿಗೆ ಆಗುವುದಿಲ್ಲ, ಕಿಡಿ ಆರದೆ ಒಳಗೇ ಸುಟ್ಟುಹೋಗಬಹುದು. ಹಾಗೇ, ತೋಟದಲ್ಲಿ ಸೋಲಾರ್ ಪಂಪ್ ಇದ್ದರೆ ಅದರ ಪ್ಯಾನೆಲ್‌ನಿಂದ ಬ್ಯಾಟರಿಗೆ ಲೈನ್ ಎಳೆಯುವ ಯೋಚನೆ ಖಂಡಿತ ಬೇಡ. ಐದು ಎಚ್‌ಪಿ ಪಂಪಿನ ಪ್ಯಾನೆಲ್‌ಗಳೆಲ್ಲ ಸೀರೀಸ್‌ನಲ್ಲಿದ್ದು ನೂರಾರು ವೋಲ್ಟ್ ಡಿಸಿ ಇರುತ್ತದೆ, ಮುಟ್ಟಿದರೆ ಪ್ರಾಣಕ್ಕೇ ಕುತ್ತು.

ಸೆಟ್ಟಿಂಗ್‌ನಲ್ಲಿ ಬ್ಯಾಟರಿ ಜಾತಿ ಸರಿಯಾಗಿ ಆರಿಸಿ. ನೀರಿನ ಬ್ಯಾಟರಿಗೆ 12 ವೋಲ್ಟ್ ಲೆಕ್ಕದಲ್ಲಿ 14.4ಕ್ಕೆ ತುಂಬಿಸಿ, ತುಂಬಿದ ಮೇಲೆ 13.5ರಿಂದ 13.8ರಲ್ಲಿ ಹಿಡಿದಿಡಬೇಕು. 24ಕ್ಕೆ ಇದರ ಎರಡರಷ್ಟು. ಕಂಟ್ರೋಲರ್ ಜೊತೆ ಟೆಂಪರೇಚರ್ ಸೆನ್ಸರ್ ಬಂದಿದ್ದರೆ ಅದನ್ನು ಡಬ್ಬದಲ್ಲೇ ಬಿಡಬೇಡಿ, ಬ್ಯಾಟರಿಗೆ ಅಂಟಿಸಿ. ಏಪ್ರಿಲ್ ಬಿಸಿಲಲ್ಲಿ ಸ್ವಲ್ಪ ಕಮ್ಮಿ ವೋಲ್ಟೇಜ್ ಸಾಕಾಗುತ್ತದೆ, ಸೆನ್ಸರ್ ಅದನ್ನು ನೋಡಿಕೊಳ್ಳುತ್ತದೆ.

ಜನರೇಟರ್

2 ಕೆವಿಎ ಪೆಟ್ರೋಲ್ ಜನರೇಟರ್ ಸಾಕು. ಅದರಲ್ಲಿ 12 ವೋಲ್ಟ್ ಡಿಸಿ ಅಂತ ಒಂದು ಸಾಕೆಟ್ ಇರುತ್ತದೆ. ಅದನ್ನು ನೇರವಾಗಿ ಬ್ಯಾಟರಿಗೆ ಕೊಟ್ಟರೆ ಆಯಿತು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಅದರಿಂದ ಬರುವುದು ಎಂಟು ಆಂಪಿಯರ್‌ನಷ್ಟು, ವೋಲ್ಟೇಜ್ ಹಿಡಿತವೂ ಇಲ್ಲ, 24 ವೋಲ್ಟ್ ಬ್ಯಾಟರಿಗಂತೂ ಉಪಯೋಗವೇ ಇಲ್ಲ. 230 ವೋಲ್ಟ್ ಸಾಕೆಟ್‌ನಿಂದ ಇನ್ವರ್ಟರ್‌ನ ಮೇನ್ಸ್ ಇನ್‌ಪುಟ್‌ಗೆ ಕೊಡಿ, ಇನ್ವರ್ಟರ್ ಒಳಗಿನ ಚಾರ್ಜರ್ ಕೆಲಸ ಮಾಡಲಿ. ಜನರೇಟರ್ ಓಡುತ್ತಿದ್ದರೂ ಇನ್ವರ್ಟರ್ ಚಾರ್ಜ್ ತಗೊಳ್ಳದಿದ್ದರೆ ಅದು ಯುಪಿಎಸ್ ಮೋಡ್‌ನಲ್ಲಿದೆಯಾ ನೋಡಿ. ಆ ಮೋಡ್‌ನಲ್ಲಿ ವೋಲ್ಟೇಜ್ ಸ್ವಲ್ಪ ಆಚೀಚೆ ಆದರೂ ಒಪ್ಪುವುದಿಲ್ಲ. ನಾರ್ಮಲ್ ಮೋಡ್‌ಗೆ ಹಾಕಿ.

ಚಾರ್ಜರ್ 15 ಆಂಪಿಯರ್‌ನದಾದರೆ ಎರಡು ಗಂಟೆಗೆ 30 ಎಎಚ್, ಮುಕ್ಕಾಲು ಯೂನಿಟ್. ಜನರೇಟರ್‌ನಿಂದ ಎಳೆಯುವುದು 500 ವ್ಯಾಟ್ ಅಷ್ಟೇ. ಆದರೆ ಇಂಜಿನ್ ಖಾಲಿ ಓಡಿದರೂ ಪೆಟ್ರೋಲ್ ಕುಡಿಯುತ್ತದೆ. ಲೋಡ್ ಎರಡರಷ್ಟಾದರೆ ಪೆಟ್ರೋಲ್ ಎರಡರಷ್ಟಾಗುವುದಿಲ್ಲ. ಹಾಗಾಗಿ ಬೇರೆ ಒಂದು 10 ಆಂಪಿಯರ್‌ನ 24 ವೋಲ್ಟ್ ಚಾರ್ಜರ್ ಸೇರಿಸಿದರೆ ಅದೇ ಎರಡು ಗಂಟೆಯಲ್ಲಿ 50 ಎಎಚ್ ಹೋಗುತ್ತದೆ. ನನ್ನ ಪ್ರಕಾರ ಇಡೀ ವ್ಯವಸ್ಥೆಯಲ್ಲಿ ಬೇಗ ದುಡ್ಡು ವಾಪಸ್ ಕೊಡುವ ಸಾಮಾನು ಇದೇ. 150 ಎಎಚ್‌ಗೆ ಪ್ಯಾನೆಲ್ ಕರೆಂಟೂ ಸೇರಿ 30 ಆಂಪಿಯರ್ ದಾಟದಂತೆ ನೋಡಿಕೊಳ್ಳಿ. ಜನರೇಟರ್ ಹಚ್ಚಿದ ಹೊತ್ತಿಗೇ ಮಿಕ್ಸಿ, ವಾಷಿಂಗ್ ಮಷೀನ್, ಟ್ಯಾಂಕಿಗೆ ನೀರೆತ್ತುವ ಅರ್ಧ ಎಚ್‌ಪಿ ಮೋಟರ್ ಮುಗಿಸಿಕೊಳ್ಳಿ. ಮೋಟರನ್ನು ಮೊದಲು ಸ್ಟಾರ್ಟ್ ಮಾಡಿ, ಅದು ಎದ್ದ ಮೇಲೆ ಚಾರ್ಜರ್ ಹಾಕಿ. ಮೋಟರ್ ಎದ್ದೇಳುವಾಗ ಹಲವು ಪಟ್ಟು ಕರೆಂಟ್ ಎಳೆಯುತ್ತದೆ.

ಜನರೇಟರನ್ನು ಮನೆಯೊಳಗೆ, ಪಂಪ್‌ಹೌಸ್‌ನಲ್ಲಿ, ಕಿಟಕಿ ಪಕ್ಕದ ಜಗಲಿಯಲ್ಲಿ ಯಾವತ್ತೂ ಓಡಿಸಬೇಡಿ. ಮಳೆ ಬರುತ್ತಿದೆ ಅಂತಲೂ ಬೇಡ. ಅದರ ಹೊಗೆಯಲ್ಲಿ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ, ಮಲಗಿದವರು ಏಳುವುದೇ ಇಲ್ಲ. ಮನೆಯಿಂದ 20 ಅಡಿ ದೂರದಲ್ಲಿ, ಹೊಗೆಕೊಳವೆ ಮನೆಗೆ ಬೆನ್ನು ಮಾಡಿ, ಮೇಲೆ ಶೀಟ್ ಇದ್ದು ನಾಲ್ಕೂ ಕಡೆ ತೆರೆದ ಜಾಗದಲ್ಲಿ ಇಡಿ. ಹೊಸ ಜನರೇಟರ್‌ಗೆ ಮೊದಲ 20 ಗಂಟೆಗೆ ಆಯಿಲ್ ಬದಲಾಯಿಸಿ, ಆಮೇಲೆ 100 ಗಂಟೆಗೊಮ್ಮೆ.

ಮೋಡದ ದಿನಗಳು

ಬೆಳಿಗ್ಗೆ ಬಿಸಿಲು ಬರುವ ಮೊದಲು, ಲೋಡ್ ಎಲ್ಲ ಆಫ್ ಮಾಡಿ ಅರ್ಧ ಗಂಟೆ ಬಿಟ್ಟು ವೋಲ್ಟೇಜ್ ನೋಡಿ. 24 ವೋಲ್ಟ್ ಬ್ಯಾಟರಿಯಲ್ಲಿ 25 ದಾಟಿದ್ದರೆ ಚೆನ್ನಾಗಿದೆ. 24.2 ಅಂದರೆ ಅರ್ಧ. 23.6ಕ್ಕೆ ಬಂದಿದ್ದರೆ ಬಹುತೇಕ ಖಾಲಿ. 24.2ಕ್ಕಿಂತ ಕಮ್ಮಿ ಇದ್ದು ಆಕಾಶವೂ ಮುಚ್ಚಿದ್ದರೆ ಜನರೇಟರ್ ಹಚ್ಚಿ, ನಾಳೆ ಬಿಸಿಲು ಬರಬಹುದು ಅಂತ ಕಾಯಬೇಡಿ. ನವೆಂಬರ್, ಡಿಸೆಂಬರ್‌ನಲ್ಲಿ ಬಂಗಾಳ ಕೊಲ್ಲಿಯ ಸೈಕ್ಲೋನ್ ಮೋಡ ಬಂದರೆ ಮೂರು ನಾಲ್ಕು ದಿನ ಜಡಿಮಳೆ ಬಿಡುವುದಿಲ್ಲ. ಗಟ್ಟಿ ಮೋಡದಲ್ಲಿ ಪ್ಯಾನೆಲ್‌ನಿಂದ ಬರುವುದು ಮಾಮೂಲಿನ ಕಾಲು ಭಾಗ, ಕೆಲವು ದಿನ ಅದೂ ಇಲ್ಲ. ದಿನಕ್ಕೆ ಎರಡು ಲೀಟರ್ ಪೆಟ್ರೋಲ್ ಸುಟ್ಟರೂ ನಾಲ್ಕು ದಿನಕ್ಕೆ ಎಂಟುನೂರು ಚಿಲ್ಲರೆ. ಎರಡು ಬ್ಯಾಟರಿಗೆ ಮೂವತ್ತು ಸಾವಿರದ ಮೇಲೆ. ಪೆಟ್ರೋಲ್ ಉಳಿಸಲು ಹೋಗಿ ಬ್ಯಾಟರಿ ಕಳೆದುಕೊಳ್ಳುವುದು ಯಾವ ಲೆಕ್ಕದಲ್ಲೂ ಸರಿಬರುವುದಿಲ್ಲ. ಆ ದಿನಗಳಲ್ಲಿ ಟಿವಿ, ಒಂದು ಫ್ಯಾನ್ ಬಿಟ್ಟುಬಿಡಿ, ಉಳಿದದ್ದು ನಡೆಯುತ್ತದೆ. ಬಿಸಿಲು ಬಂದ ಮೊದಲ ದಿನ ಹಗಲು ಏನೂ ಬಳಸದೆ ಬ್ಯಾಟರಿಗೇ ಪೂರ್ತಿ ಕೊಡಿ.

ಬ್ಯಾಟರಿ ಕೋಣೆ

ತಗಡಿನ ಶೆಡ್‌ನಲ್ಲಿ ಬ್ಯಾಟರಿ ಇಡಬೇಡಿ. ಸೀಸದ ಬ್ಯಾಟರಿಗೆ 10 ಡಿಗ್ರಿ ಶಾಖ ಜಾಸ್ತಿಯಾದರೆ ಆಯಸ್ಸು ಅರ್ಧಕ್ಕಿಳಿಯುತ್ತದೆ. ಹಂಚಿನ ಮಾಡಿನ ಕೆಳಗೆ, ಉತ್ತರದ ಗೋಡೆ ಕಡೆ, ಗಾಳಿ ಆಡುವ ಜಾಗ ಆಗಬೇಕು. ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತದೆ, ಬೆಂಕಿ ಹತ್ತುವ ಅನಿಲ. ದೇವರ ದೀಪ, ಒಲೆ ಹತ್ತಿರ ಬೇಡ.

ತಿಂಗಳಿಗೊಮ್ಮೆ ನೀರು ನೋಡಿ. ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಬೋರ್ ನೀರು ಬೇಡ, ಕುಡಿಯುವ ಆರ್‌ಓ ನೀರೂ ಬೇಡ, ಅದರಲ್ಲೂ ಉಪ್ಪಿನ ಅಂಶ ಉಳಿದಿರುತ್ತದೆ. ಬ್ಯಾಟರಿ ಫುಲ್ ಆದ ಮೇಲೆ ನೀರು ಹಾಕಿ, ಖಾಲಿ ಇದ್ದಾಗ ಹಾಕಿದರೆ ಚಾರ್ಜ್ ಆಗುವಾಗ ಉಕ್ಕುತ್ತದೆ. ಒಂದು ಹೈಡ್ರೋಮೀಟರ್ ಇಟ್ಟುಕೊಳ್ಳಿ, ಆಸಿಡ್ ಎಷ್ಟು ಗಾಢವಾಗಿದೆ (ಗ್ರಾವಿಟಿ) ಅಂತ ಅದು ತೋರಿಸುತ್ತದೆ, ದೊಡ್ಡ ಖರ್ಚಲ್ಲ. ಫುಲ್ ಆದಾಗ ಎಷ್ಟು ಗ್ರಾವಿಟಿ ಬರಬೇಕು ಅಂತ ಬ್ಯಾಟರಿ ಕಾರ್ಡಿನಲ್ಲಿರುತ್ತದೆ, ಹೆಚ್ಚಿನ ಟ್ಯೂಬುಲರ್‌ಗಳಲ್ಲಿ 1.240ರ ಆಸುಪಾಸು. ಒಂದು ಸೆಲ್‌ಗೂ ಇನ್ನೊಂದಕ್ಕೂ 0.030 ವ್ಯತ್ಯಾಸ ಬಂದರೆ ಕಂಟ್ರೋಲರ್‌ನಲ್ಲಿ ಈಕ್ವಲೈಸೇಶನ್ (ಎಲ್ಲ ಸೆಲ್ ಸಮ ಮಾಡಲು ಸ್ವಲ್ಪ ಜಾಸ್ತಿ ವೋಲ್ಟೇಜ್‌ನಲ್ಲಿ ಮಾಡುವ ಚಾರ್ಜ್) ಒಮ್ಮೆ ಓಡಿಸಿ. ಅದನ್ನು ನೀರಿನ ಬ್ಯಾಟರಿಗೆ ಮಾತ್ರ ಮಾಡಬೇಕು, ಸೀಲ್ಡ್ ಬ್ಯಾಟರಿಗೂ ಲಿಥಿಯಂಗೂ ಮಾಡಬಾರದು. ಹೊಸ ಬ್ಯಾಟರಿಯನ್ನು ಹಳೆಯದರ ಜೊತೆ ಸೀರೀಸ್ ಮಾಡಬೇಡಿ, ಹಳೆಯದು ಹೊಸದನ್ನೂ ಎಳೆದುಕೊಂಡು ಹೋಗುತ್ತದೆ.

ದುಡ್ಡಿದ್ದರೆ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಒಳ್ಳೆಯದೇ. ಅದನ್ನು 80 ಪರ್ಸೆಂಟ್‌ವರೆಗೆ ಬಳಸಬಹುದು, ಅರ್ಧ ಚಾರ್ಜಲ್ಲಿ ಬಿಟ್ಟರೂ ಕೆಡುವುದಿಲ್ಲ, ಕೊನೆಯವರೆಗೂ ಬೇಗ ತುಂಬುತ್ತದೆ, ಜನರೇಟರ್ ಗಂಟೆ ಉಳಿಯುತ್ತದೆ. ಆದರೆ ವೋಲ್ಟೇಜ್ ನೋಡಿ ಎಷ್ಟು ಉಳಿದಿದೆ ಅಂತ ಹೇಳಲಾಗುವುದಿಲ್ಲ, ಒಳಗೆ ಹೊರಗೆ ಹೋದ ಕರೆಂಟನ್ನು ಎಣಿಸುವ, ಶಂಟ್ ಇರುವ ಮೀಟರ್ ಬೇಕು. ಸುತ್ತಲ ಶಾಖ ತೀರಾ ಏರಿದರೆ ಅದರ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಒಳಗಿನ ಸರ್ಕ್ಯೂಟ್) ಚಾರ್ಜ್ ನಿಲ್ಲಿಸಿಬಿಡುತ್ತದೆ, ಹಾಗಾಗಿ ಅದಕ್ಕೂ ತಗಡಿನ ಶೆಡ್ ಆಗುವುದಿಲ್ಲ. ಟೆಂಪೋ ಟ್ರಾವೆಲರ್ ಅನ್ನು ಮನೆ ಮಾಡಿಕೊಂಡು ತಿರುಗುವವರಿಗೆ ತೂಕ ಕಮ್ಮಿ ಅಂತ ಇದೇ ಸರಿ. ಗಾಡಿಯ ಆಲ್ಟರ್ನೇಟರ್‌ನಿಂದ ಇದನ್ನು ತುಂಬಿಸಲು ನಡುವೆ ಡಿಸಿ ಟು ಡಿಸಿ ಚಾರ್ಜರ್ ಹಾಕಿ, ನೇರ ಕೊಟ್ಟರೆ ಆಲ್ಟರ್ನೇಟರ್ ಸುಡಬಹುದು. ಮೇಲಿನ ಪ್ಯಾನೆಲ್ ಮಟ್ಟಸವಾಗಿ ಮಲಗಿರುವುದರಿಂದ ಚಳಿಗಾಲದಲ್ಲಿ ಕಮ್ಮಿ ಬರುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಿರಿ. ಗಾಡಿ ನೆರಳಲ್ಲಿ, ಪ್ಯಾನೆಲ್ ಬಿಸಿಲಲ್ಲಿ ಬೇಕು ಅಂದರೆ ಮಡಚುವ ಪ್ಯಾನೆಲ್ ಒಂದನ್ನು ಉದ್ದ ಕೇಬಲ್ ಜೊತೆ ಇಟ್ಟುಕೊಳ್ಳಿ.

ತೋಟದ ಮನೆಗೆ ಬೀಗ ಹಾಕಿ ತಿಂಗಳುಗಟ್ಟಲೆ ಊರಿಗೆ ಹೋಗುವವರು ಎಲ್ಲ ಆಫ್ ಮಾಡಿ ಹೋಗುತ್ತಾರೆ, ಪ್ಯಾನೆಲ್ಲನ್ನೂ ಸೇರಿಸಿ. ಅದು ತಪ್ಪು. ನೀರಿನ ಬ್ಯಾಟರಿ ತನ್ನಷ್ಟಕ್ಕೇ ಇಳಿಯುತ್ತಾ ಹೋಗುತ್ತದೆ, ಶಾಖ ಇದ್ದರೆ ಇನ್ನೂ ಬೇಗ. ಇನ್ವರ್ಟರ್ ಆಫ್ ಮಾಡಿ, ಪ್ಯಾನೆಲ್ ಮತ್ತು ಕಂಟ್ರೋಲರ್ ಆನ್ ಇರಲಿ, ನೀರು ಮಟ್ಟಕ್ಕೆ ತುಂಬಿಸಿ ಹೋಗಿ. ಜನರೇಟರ್‌ನ ಪೆಟ್ರೋಲ್ ಕಾಕ್ ಮುಚ್ಚಿ, ಅದು ತಾನೇ ನಿಲ್ಲುವವರೆಗೆ ಓಡಿಸಿ. ಕಾರ್ಬ್ಯುರೇಟರ್‌ನಲ್ಲಿ ಉಳಿದ ಪೆಟ್ರೋಲ್ ಅಂಟಾಗಿ ಕೂತರೆ ಬೇಕಾದ ದಿನ ಎಷ್ಟು ಹಗ್ಗ ಎಳೆದರೂ ಸ್ಟಾರ್ಟ್ ಆಗುವುದಿಲ್ಲ. ವಾಪಸ್ ಬಂದ ದಿನ ಮೊದಲು ಬ್ಯಾಟರಿಯ ವೋಲ್ಟೇಜ್ ನೋಡಿ, ಆಮೇಲೆ ಫ್ಯಾನ್ ಹಾಕಿ.